ಶನಿವಾರದ ಸರದಿ

ಶನಿವಾರ ಬೆಳಿಗ್ಗೆ ಆಪರೇಟರಮ್ಮ ಬಾಗಿಲನ್ನು ಅರ್ಧ ತೆರೆದು, ಕುರ್ಚಿಯನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದಳು. ಕೈಯಲ್ಲಿ ಪೇಪರಿತ್ತು, ಕಣ್ಣು ಮಾತ್ರ ಮೆಟ್ಟಿಲ ಮೇಲಿತ್ತು. ಮೂರನೇ ಮಹಡಿಯಿಂದ ತಂಗಿ ಇಳಿದು ಬರಬೇಕು, ನೋಟುಗಳನ್ನು ಕೈಗಿಟ್ಟು "ಎಣಿಸ್ಕೋ" ಅನ್ನಬೇಕು, ಇವಳು ಎಣಿಸಿ "ಸರಿಯಿದೆ" ಅನ್ನಬೇಕು. ಅಕ್ಕತಂಗಿಯರ ನಡುವೆ ವಾರಕ್ಕೆ ಆಗುತ್ತಿದ್ದ ಮಾತು ಅಷ್ಟೇ. ಅಷ್ಟಕ್ಕಾಗಿ ಅವಳು ವಾರವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಆ ಎರಡು ಮಾತೂ ಒಂದು ದಿನ ನಿಂತು ಹೋದೀತೆಂಬ ಭಯ ಅವಳಿಗೆ ಇತ್ತೀಚೆಗೆ ಹೆಚ್ಚಾಗಿತ್ತು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅರ್ಧ ಆಯುಷ್ಯ ಕಳೆದು, ಈಗ ಪಿಂಚಣಿಯಲ್ಲಿ ಬದುಕುತ್ತಿದ್ದವಳು ಅವಳು. ಯಾರ್ಯಾರಿಗೋ ಮಾತು ಕೂಡಿಸಿಕೊಟ್ಟ ಈ ಮಹಾತಾಯಿಗೆ ಒಡಹುಟ್ಟಿದವಳ ಜೊತೆಗೇ ಮಾತಿಲ್ಲ ಎಂದು ಕಟ್ಟಡದವರು ಬೆನ್ನ ಹಿಂದೆ ನಗುತ್ತಿದ್ದರು. ನಗುವವರಿಗೇನು, ಅವರ ಗಂಟು ಹೋಗುತ್ತದೆಯೇ?

ಹಿಂದೆ ಅಮ್ಮ ನೆಲಮಹಡಿಯ ಇದೇ ಮನೆಯಲ್ಲಿ ದೊಡ್ಡವಳ ಜೊತೆ ಇದ್ದಳು. ಮಂಡಿನೋವು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನರ್ಸಾಗಿದ್ದ ಚಿಕ್ಕವಳು ಅಮ್ಮನ ಹತ್ತಿರ ಇರಬೇಕೆಂದೇ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದಳು. ಇಬ್ಬರೂ ಮದುವೆಯ ಗೋಜಿಗೆ ಹೋಗದವರು. ಒಂದು ದಿನ ದೊಡ್ಡವಳು ಕೆಲಸಕ್ಕೆ ಹೋದ ಮೇಲೆ ಅಮ್ಮನಿಗೆ ಎದೆ ಹಿಡಿದುಕೊಂಡಿತು. ಚಿಕ್ಕವಳು ತನ್ನ ಆಸ್ಪತ್ರೆಗೇ ಸೇರಿಸಿದಳು. ಎಕ್ಸ್‌ಚೇಂಜಿನಲ್ಲಿ ಅವತ್ತೇ ಕೇಬಲ್ ಕಿತ್ತುಹೋಗಿ ಅರ್ಧ ಊರಿನ ಲೈನು ಸತ್ತಿತ್ತು. ಸುದ್ದಿ ತಲುಪಿ ದೊಡ್ಡವಳು ಓಡಿ ಬರುವ ಹೊತ್ತಿಗೆ ಸಂಜೆಯಾಗಿತ್ತು, ಅಮ್ಮ ಇರಲಿಲ್ಲ.

ದುಃಖದಲ್ಲಿ ಮನುಷ್ಯರು ಅತ್ತು ಸುಮ್ಮನಾದರೆ ಎಷ್ಟು ಚೆನ್ನ. ಇವರು ಮಾತಾಡಿದರು.

"ಊರಿನವರನ್ನೆಲ್ಲ ಉಳಿಸ್ತೀಯ, ಹೆತ್ತವಳನ್ನ ಉಳಿಸೋಕಾಗ್ಲಿಲ್ವಾ?" ಅಂದಳು ಅಕ್ಕ, ಆಸ್ಪತ್ರೆಯ ಮೊಗಸಾಲೆಯಲ್ಲಿ, ನಾಲ್ಕು ಜನರ ಎದುರಿಗೆ.

"ಊರಿನವರಿಗೆಲ್ಲ ಲೈನ್ ಕೊಡ್ತೀಯ. ನಾನು ಎಷ್ಟು ಸಲ ಫೋನ್ ಮಾಡಿದ್ರೂ ನಿನ್ನ ಲೈನೇ ಸಿಗ್ಲಿಲ್ಲ," ಅಂದಳು ತಂಗಿ.

ಅಲ್ಲಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಇಬ್ಬರೂ ತುಟಿ ಎರಡು ಮಾಡಲಿಲ್ಲ. ಮನೆ ಖಾಲಿ ಮಾಡಿದರೆ ಸೋತಂತೆ ಎಂದು ಇವಳು ಕೆಳಗೆ, ಅವಳು ಮೇಲೆ ಉಳಿದರು. ಎದುರಾದರೆ ಒಬ್ಬಳು ಚಪ್ಪಲಿ ನೋಡುತ್ತಿದ್ದಳು, ಇನ್ನೊಬ್ಬಳು ಸೂರು ನೋಡುತ್ತಿದ್ದಳು.

ಈ ಬೀಗ ತೆಗೆದದ್ದು ಎಟಿಎಂ ಮೇಲೆ ಅಂಟಿಸಿದ ಒಂದು ಚೀಟಿ ಎಂದರೆ ಯಾರೂ ನಂಬುವುದಿಲ್ಲ.

ಬೀದಿಯ ಮೂಲೆಯಲ್ಲಿ, ಮುಚ್ಚಿಹೋದ ಫೋಟೋ ಸ್ಟುಡಿಯೋದ ಪಕ್ಕ, ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆಯಲ್ಲಿ ಎಟಿಎಂ ಇತ್ತು. ಅದು ಬೇರೆ ಬ್ಯಾಂಕಿನದು. ಕಟ್ಟಡದ ನಾಲ್ಕೂ ಮನೆಯವರ ಖಾತೆ ಇದ್ದ ಬ್ಯಾಂಕು ಎರಡು ಬಸ್ಸು ಬದಲಾಯಿಸುವಷ್ಟು ದೂರ. ಹಾಗಾಗಿ ಎಲ್ಲರೂ ಬೀದಿ ನಲ್ಲಿಗೆ ಹೋದ ಹಾಗೆ ಈ ಮಿಷನ್ನಿಗೇ ಹೋಗುತ್ತಿದ್ದರು. ಬೇಕೆನಿಸಿದಾಗ ಹೋಗು, ಒಂದಿಷ್ಟು ತೆಗೆ, ತರಕಾರಿ ಕೊಳ್ಳು, ಮತ್ತೆ ನಾಳೆ ಹೋಗು. ಮೊದಲನೇ ಮಹಡಿಯ ಡ್ರಾಯಿಂಗ್ ಮೇಷ್ಟ್ರಂತೂ ಪೆನ್ಸಿಲ್ ಕೊಳ್ಳುವುದಕ್ಕೂ ಕಾರ್ಡ್ ಹಿಡಿದು ಹೊರಡುತ್ತಿದ್ದರು. ಕಿಸೆಯಲ್ಲಿ ದುಡ್ಡಿಲ್ಲದಿದ್ದರೆ ಖರ್ಚಿಲ್ಲ, ಬೇಕಾದಾಗ ಮಿಷನ್ ಇದೆ ಎಂಬ ಭರವಸೆಯಲ್ಲಿ ನಾಲ್ಕು ಮನೆಗಳ ಸಂಸಾರ ತಕ್ಕಮಟ್ಟಿಗೆ ನಡೆದಿತ್ತು.

ಒಂದು ಬೆಳಿಗ್ಗೆ ಮಿಷನ್ ಮೇಲೆ ಚೀಟಿ ಬಂತು. ಬೇರೆ ಬ್ಯಾಂಕಿನ ಕಾರ್ಡಿನವರು ಇನ್ನು ಪ್ರತಿ ಸಲ ದುಡ್ಡು ತೆಗೆದಾಗಲೂ ಶುಲ್ಕ ಕೊಡಬೇಕು. ಸ್ವಲ್ಪ ತೆಗೆದರೂ ಅಷ್ಟೇ, ಬಹಳ ತೆಗೆದರೂ ಅಷ್ಟೇ. ಜನ ಅದನ್ನು ಶುಲ್ಕ ಅನ್ನಲಿಲ್ಲ, ದಂಡ ಅಂದರು. ನಮ್ಮ ದುಡ್ಡು ನಮ್ಮ ಕೈಗೆ ಬರುವುದಕ್ಕೆ ದಂಡ ಕಟ್ಟಬೇಕೆಂದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಆಮೇಲೆ ಒಬ್ಬೊಬ್ಬರ ಬುದ್ಧಿ ಒಂದೊಂದು ದಾರಿ ಹಿಡಿಯಿತು. ಎರಡನೇ ಮಹಡಿಯ ಡ್ರೈವರಣ್ಣ, ಲಾರಿ ಓಡಿಸಿ ನಿವೃತ್ತನಾದವನು, ತಿಂಗಳ ದುಡ್ಡನ್ನೆಲ್ಲ ಒಂದೇ ಸಲ ತೆಗೆದು ಒಂದೇ ದಂಡ ಕಟ್ಟಿದೆ ಎಂದು ಮೀಸೆ ತಿರುವಿದ. ಕೈಲಿದ್ದ ದುಡ್ಡು ಸುಮ್ಮನಿರುತ್ತದೆಯೇ? ತಿಂಗಳ ನಡುವಿಗೆ ಕಿಸೆ ಬರಿದಾಗಿ, ಮೀಸೆ ಇಳಿಬಿದ್ದಿತು. ಮೇಷ್ಟ್ರು ದೊಡ್ಡ ನೋಟು ತಂದು ಒಂದು ಕಟ್ಟು ಸೊಪ್ಪಿಗೆ ಕೊಡಲು ಹೋಗಿ ತರಕಾರಿಯವಳಿಂದ ಬೀದಿಯಲ್ಲೇ ಮಂಗಳಾರತಿ ಮಾಡಿಸಿಕೊಂಡರು. ನರ್ಸಮ್ಮ ಕಾರ್ಡು ಉಜ್ಜುವ ದೊಡ್ಡ ಅಂಗಡಿಗೆ ಹೋಗತೊಡಗಿದಳು. ಉಪ್ಪು ತರಲು ಹೋದವಳು ಬೇಡದ ಮೂರು ಡಬ್ಬಿ ಹೊತ್ತುಕೊಂಡು ಬರುತ್ತಿದ್ದಳು. ಆಪರೇಟರಮ್ಮ ಕೊಳ್ಳುವುದನ್ನೇ ಬಿಟ್ಟಳು.

ಕೊನೆಗೆ ಡ್ರೈವರಣ್ಣ ಒಂದು ಶನಿವಾರ ಎಲ್ಲರನ್ನೂ ಮೆಟ್ಟಿಲ ಮೇಲೆ ಸೇರಿಸಿದ.

"ನೋಡಿ, ಒಂದು ಲಾರಿ ಲೋಡಿಗೆ ನಾಲ್ಕು ಲಾರಿ ಬಾಡಿಗೆ ಕೊಡ್ತಿದೀವಿ ನಾವು. ಈ ಶನಿವಾರ ನಾನು ನಾಲ್ಕು ಮನೆಗೂ ಒಂದು ವಾರಕ್ಕಾಗೋಷ್ಟು ತೆಗೆದು ಸಮನಾಗಿ ಕೊಡ್ತೀನಿ. ಮುಂದಿನ ಶನಿವಾರ ಮೇಷ್ಟ್ರು ತೆಗೀಲಿ. ಅದರ ಮುಂದಿನ ಎರಡು ವಾರ ನೀವಿಬ್ರು. ತಿಂಗಳ ಕೊನೆಗೆ ಎಲ್ಲ ಚುಕ್ತಾ. ಒಬ್ಬೊಬ್ಬರಿಗೆ ತಿಂಗಳಿಗೆ ಒಂದೇ ದಂಡ."

'ನೀವಿಬ್ರು' ಎಂಬ ಮಾತಿಗೆ ಅಕ್ಕತಂಗಿಯರು ಬೇರೆ ಬೇರೆ ಗೋಡೆ ನೋಡಿದರು. ಆದರೆ ಲೆಕ್ಕ ಸರಿಯಾಗಿತ್ತು, ಬೇಡ ಅನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

"ಇನ್ನೊಂದು ಮಾತು," ಅಂದ ಡ್ರೈವರಣ್ಣ. "ಯಾರ ದುಡ್ಡನ್ನೂ ಯಾರ ಕೈಲೂ ಕಳಿಸೋ ಹಾಗಿಲ್ಲ. ಕೊಡೋರು ಖುದ್ದು ಕೊಟ್ಟು ಬಾಯಿಬಿಟ್ಟು 'ಎಣಿಸ್ಕೊಳ್ಳಿ' ಅನ್ಬೇಕು. ತಗೊಳ್ಳೋರು ಎಣಿಸಿ 'ಸರಿಯಿದೆ' ಅನ್ಬೇಕು. ಸನ್ನೆ ಗಿನ್ನೆ ನಡೆಯಲ್ಲ. ಸನ್ನೆ ನಂಬಿ ನಾನು ಒಂದು ಸಲ ಹತ್ತು ಮೂಟೆ ಕಳ್ಕೊಂಡಿದೀನಿ."

ಮೂಟೆ ಕಳೆದುಕೊಂಡದ್ದು ನಿಜವೋ, ಈ ಇಬ್ಬರ ಬಾಯಿ ಬಿಡಿಸಲು ಹೂಡಿದ ಆಟವೋ, ಅವನೊಬ್ಬನಿಗೇ ಗೊತ್ತು. ಕೇಳಿದರೆ ಮೀಸೆಯಡಿ ನಗುತ್ತಿದ್ದ.

ನರ್ಸಮ್ಮನ ಸರದಿ ಮೊದಲ ಸಲ ಬಂದಾಗ ಅವಳು ಅಕ್ಕನ ಎದುರು ನೋಟು ಚಾಚಿ ಹಾಗೇ ನಿಂತಳು. ಮೇಷ್ಟ್ರು ಕೆಮ್ಮಿದರು. ಮೇಷ್ಟ್ರ ಹೆಂಡತಿ ಸೆರಗು ಸರಿಮಾಡಿಕೊಂಡಳು. ಡ್ರೈವರಣ್ಣ ಮಾತ್ರ ಕೈಕಟ್ಟಿಕೊಂಡು ಕಲ್ಲಿನ ಹಾಗೆ ನಿಂತಿದ್ದ.

"ಎಣಿಸ್ಕೊಳ್ಳಿ," ಅಂದಳು ತಂಗಿ, ಅಂಚೆಯವನಿಗೆ ಹೇಳಿದ ಹಾಗೆ.

ಆಪರೇಟರಮ್ಮ ಎಣಿಸಿದಳು. ಲೆಕ್ಕ ತಪ್ಪಿ ಇನ್ನೊಮ್ಮೆ ಎಣಿಸಿದಳು. "ಸರಿಯಿದೆ," ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತಳು. ತಂಗಿಯ ಧ್ವನಿ ಸ್ವಲ್ಪ ದಪ್ಪವಾಗಿತ್ತು. ಅಷ್ಟು ವರ್ಷ ಅದೇ ಕಟ್ಟಡದಲ್ಲಿದ್ದೂ ಅದು ಅವಳಿಗೆ ಗೊತ್ತಿರಲಿಲ್ಲ.

ಆಮೇಲಿನ ಶನಿವಾರಗಳ ಚೆಂದವೇ ಚೆಂದ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಬೆಳಗಿನ ಹೊತ್ತೆಲ್ಲ ಮೆಟ್ಟಿಲ ಮೇಲೆ ಕಳೆದುಹೋಗುತ್ತಿತ್ತು. ಮೇಷ್ಟ್ರ ಹೆಂಡತಿ ದೊಡ್ಡ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು, ಲೋಟ ಮಾತ್ರ ಅವರವರದು. ಮೇಷ್ಟ್ರು ಎಟಿಎಂ ರಸೀದಿಯ ಹಿಂದೆ ಒಬ್ಬೊಬ್ಬರ ಮುಖ ಗೀಚುತ್ತಿದ್ದರು. ಡ್ರೈವರಣ್ಣನ ಮೂಗನ್ನು ಅವರಿಗೆ ಎಂದೂ ರಸೀದಿಯೊಳಗೆ ಹಿಡಿಸಲಾಗಲಿಲ್ಲ. ಅದನ್ನು ನೋಡಿ ನರ್ಸಮ್ಮ ನಗುವಾಗ ಆಪರೇಟರಮ್ಮ ಎರಡು ಮೆಟ್ಟಿಲು ಕೆಳಗೆ ಕೂತು ಚಹಾ ಊದುತ್ತ ಕೇಳಿಸಿಕೊಳ್ಳುತ್ತಿದ್ದಳು. ಅದು ಅಮ್ಮನದೇ ನಗು.

ಕೆಲವು ತಿಂಗಳಲ್ಲಿ ಐದು ಶನಿವಾರ ಬರುತ್ತಿದ್ದವು. ಐದನೆಯದಕ್ಕೆ ಯಾರ ಸರದಿಯೂ ಇರಲಿಲ್ಲ. ಸರದಿಯನ್ನು ಹಾಗೇ ಮುಂದಕ್ಕೆ ಉರುಳಿಸಬಹುದು ಎಂದು ಮೇಷ್ಟ್ರು ಒಮ್ಮೆ ಹೇಳಿದ್ದಕ್ಕೆ ಡ್ರೈವರಣ್ಣ, "ಲಾರಿಗೂ ಒಂದು ದಿನ ರಜ ಬೇಕ್ರೀ" ಎಂದು ಬಾಯಿ ಮುಚ್ಚಿಸಿದ. ಆ ವಾರ ಎಲ್ಲರ ಕೈಯೂ ಖಾಲಿ. ಅವರವರ ಅಡುಗೆಮನೆಯಲ್ಲಿ ಉಳಿದುಬಳಿದದ್ದನ್ನು ಬೇಯಿಸಿ ತಂದು, ಮೆಟ್ಟಿಲ ಮೇಲೆ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಒಂದು ಐದನೇ ಶನಿವಾರ ನರ್ಸಮ್ಮ ಬಡಿಸುತ್ತಿದ್ದಳು. ಅಕ್ಕನ ತಟ್ಟೆಯ ಹತ್ತಿರ ಬಂದಾಗ ಅವಳು ಸೌಟಿನಿಂದ ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿ, ಬರೀ ಆಲೂಗಡ್ಡೆ ತೆಗೆದು ಹಾಕಿದಳು. ಅಕ್ಕನಿಗೆ ಈರುಳ್ಳಿ ಆಗದೆಂದು ಅವಳಿಗೆ ನೆನಪಿತ್ತು. ಯಾವಾಗಲೋ 'ಎಣಿಸ್ಕೊಳ್ಳಿ' ಹೋಗಿ 'ಎಣಿಸ್ಕೋ' ಆಯಿತು. ಮುಂದಿನ ಮಾತು ಇನ್ನೇನು ಬಂದೇ ಬಿಡುತ್ತದೆ ಎಂದು ಆಪರೇಟರಮ್ಮ ಕಾದಳು.

ಅಷ್ಟರಲ್ಲಿ ಕಾಲ ಬದಲಾಯಿತು. ಅದಕ್ಕೇನು ಕೇಡು ಬಂದಿತ್ತೋ. ತರಕಾರಿಯವಳ ತಕ್ಕಡಿಯ ಪಕ್ಕ ಕಪ್ಪುಬಿಳುಪು ಚೌಕದ ಒಂದು ಬೋರ್ಡು ತೂಗಿತು. ಫೋನನ್ನು ಅದರ ಮುಖಕ್ಕೆ ಹಿಡಿದರೆ ಸಾಕು, ದುಡ್ಡು ಹೋಯಿತು. ದಂಡವಿಲ್ಲ, ಚಿಲ್ಲರೆಯ ಕಾಟವಿಲ್ಲ. ಮೊದಲು ಮೇಷ್ಟ್ರ ಮನೆಯವರು ಬಿಟ್ಟರು. "ಬೇಜಾರು ಮಾಡ್ಕೋಬೇಡಿ, ಇನ್ನು ನಮಗೆ ನೋಟು ಬೇಕಾಗಲ್ಲ," ಅಂದಳು ಮೇಷ್ಟ್ರ ಹೆಂಡತಿ. ಬೇಜಾರು ಎಂಥದು, ಕರುಳೇ ಕಿತ್ತು ಬಂದ ಹಾಗಾಯಿತು ಆಪರೇಟರಮ್ಮನಿಗೆ. ಒಂದು ವರ್ಷದ ಮೇಲೆ ಡ್ರೈವರಣ್ಣನ ಮಗಳು ಬಂದು ಅವನ ಫೋನಿಗೂ ಅದನ್ನು ಹಾಕಿಕೊಟ್ಟು ಹೋದಳು. ಅವನು ಅಪರಾಧ ಮಾಡಿದವನ ಹಾಗೆ ಬಾಗಿಲಿಗೆ ಬಂದು ನಿಂತ.

"ನೀವಿಬ್ರೂ ನಡೆಸ್ಕೊಂಡು ಹೋಗಿ," ಅಂದ. "ಇಬ್ರೇ ಇದ್ರೂ ಅರ್ಧ ದಂಡ ಉಳಿಯುತ್ತೆ."

ಇಬ್ಬರು ಒಂದು ವಾರ ಬಿಟ್ಟು ಒಂದು ವಾರ ತೆಗೆಯತೊಡಗಿದರು. ಫ್ಲಾಸ್ಕು, ರಸೀದಿಯ ಚಿತ್ರ, ಐದನೇ ಶನಿವಾರದ ಊಟ ಒಂದೂ ಉಳಿಯಲಿಲ್ಲ. ಮಿಷನ್ನಿಗೆ ಬರುವವರು ಕಡಿಮೆಯಾದರೋ ಏನೋ, ದಂಡವೂ ಏರಿತು.

ಈಗ ಆಪರೇಟರಮ್ಮನ ಗುಟ್ಟು ಹೇಳಬೇಕು. ಅವಳೂ ಫೋನಿನಲ್ಲೇ ದುಡ್ಡು ಕೊಡಲು ಶುರುಮಾಡಿ ಬಹಳ ಕಾಲವಾಗಿತ್ತು. ನೋಟು ಕೊಟ್ಟರೆ ತರಕಾರಿಯವಳು ಮೂಗು ಮುರಿಯುತ್ತಿದ್ದಳು, ಔಷಧಿ ಅಂಗಡಿಯವನು ಚಿಲ್ಲರೆ ಇಲ್ಲ ಎಂದು ಕೈಯಾಡಿಸುತ್ತಿದ್ದ. ಇನ್ನು ಫೋನಿನ ವಿಷಯದಲ್ಲಿ ಅವಳಿಗೆ ಯಾರಾದರೂ ಪಾಠ ಹೇಳುವುದುಂಟೇ? ತಾನೇ ಒಂದು ಮಧ್ಯಾಹ್ನ ಕೂತು ಕಲಿತಳು. ಕಟ್ಟಡದವರ ಕಣ್ಣಿಗೆ ಬೀಳಬಾರದೆಂದು ಎರಡು ಬೀದಿ ಆಚೆಯ ಅಂಗಡಿಗೆ ಹೋಗುತ್ತಿದ್ದಳು. ಮನೆಗೆ ಬಂದು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಸೇರುವುದನ್ನು ನೋಡಿದರೆ ಬದನೆಕಾಯಿ ಕದ್ದು ತಂದಳು ಅನ್ನಬೇಕು.

ನೋಟು ಬೇಕಿಲ್ಲ ಎಂದು ತಂಗಿಗೆ ಹೇಳಿದರೆ ತಂಗಿ ಇಳಿದು ಬರುವುದಿಲ್ಲ. ಅದಕ್ಕೇ ಹೇಳಲಿಲ್ಲ. ತನ್ನ ಸರದಿ ಬಂದಾಗ ದಂಡ ಕಟ್ಟಿ ತೆಗೆದಳು, ತಂಗಿಯ ಸರದಿಯಲ್ಲಿ ಕೈನೀಡಿ ತೆಗೆದುಕೊಂಡಳು. ಜನ ದುಡ್ಡಿಗಾಗಿ ದಂಡ ಕಟ್ಟಿದರೆ ಇವಳು ಎರಡು ಮಾತಿಗಾಗಿ ಕಟ್ಟಿದಳು. ಖರ್ಚಾಗದ ನೋಟು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬೆಳೆಯತೊಡಗಿದಾಗ ಕಳ್ಳರ ಭಯ ಹುಟ್ಟಿತು. ಹಾಗಾಗಿ ಒಂದೆರಡು ತಿಂಗಳಿಗೊಮ್ಮೆ ಎರಡು ಬಸ್ಸು ಹತ್ತಿ ಬ್ಯಾಂಕಿಗೆ ಹೋಗಿ, ದಂಡ ಕಟ್ಟಿ ತೆಗೆದ ಅದೇ ದುಡ್ಡನ್ನು ಮತ್ತೆ ಖಾತೆಗೆ ಕಟ್ಟಿ ಬರುತ್ತಿದ್ದಳು. ಬುದ್ಧಿ ಇರುವವರು ಮಾಡುವ ಕೆಲಸವೇ ಇದು ಎಂದು ಬಸ್ಸಿನಲ್ಲಿ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಹೀಗೆ ಹೊಸ್ತಿಲ ಹತ್ತಿರ ಕಾದು ಕೂತಿದ್ದ ಆ ಶನಿವಾರ ತಂಗಿ ತಡವಾಗಿ ಬಂದಳು. ಕಂಬಿ ಹಿಡಿದು, ಒಂದೊಂದೇ ಕಾಲಿಟ್ಟು ಇಳಿದಳು. ರಬ್ಬರ್‌ಬ್ಯಾಂಡ್ ಹಾಕಿದ ನೋಟುಗಳನ್ನು ಕೊಟ್ಟು "ಎಣಿಸ್ಕೋ" ಅಂದಳು. ಅಕ್ಕ "ಸರಿಯಿದೆ" ಅಂದಳು. ತಂಗಿ ಒಂದು ಗಳಿಗೆ ಹೆಚ್ಚೇ ನಿಂತಳು. ಮಂಡಿ ನೋವಾ ಎಂದು ಕೇಳಬೇಕು ಅನ್ನಿಸಿತು ಆಪರೇಟರಮ್ಮನಿಗೆ. ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ಅಷ್ಟರಲ್ಲಿ ತಂಗಿ ಬೆನ್ನು ತಿರುಗಿಸಿದ್ದಳು. ಅವತ್ತಿಡೀ ಅಕ್ಕ ತನ್ನ ನಾಲಿಗೆಗೆ ಶಾಪ ಹಾಕಿದಳು.

ಸೋಮವಾರ ಅವಳು ಬ್ಯಾಂಕಿಗೆ ಹೋದಳು. ದುಡ್ಡು ಕಟ್ಟುವ ಕೌಂಟರಿನ ಸಾಲು ಕಂಬವೊಂದನ್ನು ಬಳಸಿಕೊಂಡು ನಿಂತಿತ್ತು. ಸಾಲು ಸರಿದು ಕಂಬದ ಹತ್ತಿರ ಬಂದಾಗ ಕೌಂಟರಿನಿಂದ ಗುಮಾಸ್ತನ ಧ್ವನಿ ಕೇಳಿಸಿತು.

"ಮತ್ತೆ ಬಂದ್ರಾ ಅಮ್ಮ? ಅಲ್ಲಿ ದಂಡ ಕೊಟ್ಟು ತೆಗೆಯೋದ್ಯಾಕೆ, ಇಲ್ಲಿ ತಂದು ಕಟ್ಟೋದ್ಯಾಕೆ? ಫೋನಲ್ಲೇ ಕೊಡೋದು ಕಲ್ತ್ಕೊಳ್ಳಿ."

ತನಗೇ ಹೇಳಿದನೆಂದು ಆಪರೇಟರಮ್ಮನ ಎದೆ ಧಸಕ್ಕೆಂದಿತು. ಆದರೆ ಉತ್ತರ ಕೊಟ್ಟವಳು ಬೇರೆ.

"ನಾನು ಫೋನಲ್ಲೇ ಕೊಡೋದಪ್ಪ, ಎಷ್ಟೋ ದಿನದಿಂದ. ನಮ್ಮಕ್ಕ ಇದ್ದಾಳೆ, ಅವಳಿಗೆ ನೋಟೇ ಆಗ್ಬೇಕು. ನಾನು ತೆಗೆಯೋದು ಬಿಟ್ರೆ ಪಾಪ, ಪೂರ್ತಿ ದಂಡ ಅವಳೊಬ್ಬಳ ತಲೆ ಮೇಲೆ. ವಯಸ್ಸಾಗಿದೆ ನೋಡು, ಈ ಫೋನ್ ಗೀನ್ ಎಲ್ಲ ಅವಳ ಕೈಲಿ ಆಗಲ್ಲ."

ಕಂಬದ ಹಿಂದೆ ಆಪರೇಟರಮ್ಮ ನಿಂತಲ್ಲೇ ಬೆವೆತಳು. ತಂಗಿಗೂ ನೋಟು ಬೇಕಿರಲಿಲ್ಲ. ಮಂಡಿ ಹಿಡಿದುಕೊಂಡು ಇಳಿದು ಬರುತ್ತಿದ್ದದ್ದು ಅಕ್ಕನಿಗಾಗಿ. ಹಾಗೆಂದು ಹೊಳೆದ ಕೂಡಲೇ ಅತ್ತುಬಿಡುತ್ತಿದ್ದಳೋ ಏನೋ. ಆದರೆ ಕೊನೆಯ ಮಾತು ಇತ್ತಲ್ಲ, ಅದು ನೇರವಾಗಿ ನೆತ್ತಿಗೆ ಹತ್ತಿತು. ಇಡೀ ಊರಿನ ಫೋನನ್ನು ಬೆರಳ ತುದಿಯಲ್ಲಿ ಆಡಿಸಿದವಳಿಗೆ ಫೋನು ಬರುವುದಿಲ್ಲವೇ?

"ಯಾರ ಕೈಲಿ ಆಗಲ್ಲ ಅಂದೆ?" ಅಂದಳು, ಕಂಬದ ಈಚೆಗೆ ಬಂದು.

ನರ್ಸಮ್ಮ ತಿರುಗಿದಳು. ಅಕ್ಕನ ಮುಖ ನೋಡಿದಳು, ಕೈ ನೋಡಿದಳು. ಕೈಯಲ್ಲಿ ತಾನೇ ಶನಿವಾರ ಕೊಟ್ಟ ನೋಟುಗಳು, ತಾನೇ ಹಾಕಿದ ರಬ್ಬರ್‌ಬ್ಯಾಂಡ್ ಸಮೇತ.

"ನೀನೂ ಕಟ್ಟೋಕೆ ಬಂದ್ಯಾ?"

"ನಿನಗಿಂತ ಮುಂಚೆ ಕಲ್ತಿದೀನಿ ನಾನು ಫೋನಲ್ಲಿ ದುಡ್ಡು ಕೊಡೋದು. ಆಗಲ್ಲವಂತೆ."

"ಮತ್ತೆ ಯಾಕೆ ತಗೊಳ್ತಿದ್ದೆ?"

ಗುಮಾಸ್ತ ಇವರ ಮುಖ ಅವರ ಮುಖ ನೋಡಿ, "ಅಮ್ಮ, ಹಿಂದೆ ಜನ ಕಾಯ್ತಿದಾರೆ" ಅಂದ. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ದುಡ್ಡು ಕಟ್ಟಿ ಹೊರಗೆ ಬಂದರು.

ಬಸ್‌ಸ್ಟಾಪಿನ ಸಿಮೆಂಟಿನ ಬೆಂಚಿನ ಮೇಲೆ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಬಸ್ಸೊಂದು ಬಂದು ನಿಂತು ಹೋಯಿತು. ಇಬ್ಬರೂ ಏಳಲಿಲ್ಲ.

"ನೀನು ಇಳಿದು ಬರ್ಲಿ ಅಂತ," ಅಂದಳು ಆಪರೇಟರಮ್ಮ, ರಸ್ತೆ ನೋಡುತ್ತ. "ಅದಕ್ಕೇ ತಗೊಳ್ತಿದ್ದೆ. ಅವತ್ತು ಆಸ್ಪತ್ರೆಲಿ ನಾನು ಆ ಮಾತು ಆಡಬಾರದಿತ್ತು ಕಣೆ. ಆಡಿದ ಕೂಡಲೇ ಗೊತ್ತಾಯ್ತು. ವಾಪಸ್ ತಗೊಳ್ಳೋಕೆ ಬಾಯಿ ಬರ್ಲಿಲ್ಲ."

ನರ್ಸಮ್ಮ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ನಾನೂ ನಿನಗೆ ಒಂದು ಹೇಳ್ಬೇಕಿತ್ತು," ಅಂದಳು. "ಅಮ್ಮ ಹೋಗೋ ಮುಂಚೆ ಮಧ್ಯಾಹ್ನ ಒಂದು ಸಲ ಕಣ್ಣು ಬಿಟ್ಟಿದ್ಲು. ನಿನ್ನನ್ನೇ ಕೇಳಿದ್ಲು. ನನ್ನ ಬಗ್ಗೆ ಏನೂ ಕೇಳ್ಲಿಲ್ಲ."

"ಏನಂತ ಕೇಳಿದ್ಲು?"

"'ದೊಡ್ಡವಳು ಊಟ ಮಾಡಿದ್ಲಾ' ಅಂತ. ನೀನು ಬಂದ ಕೂಡಲೇ ಹೇಳೋಣ ಅಂತ ಬಾಗಿಲಲ್ಲೇ ಕಾಯ್ತಿದ್ದೆ. ನೀನು ಬಂದವಳೇ ಹಾಗಂದೆ. ಇವಳಿಗೆ ಯಾಕೆ ಹೇಳ್ಬೇಕು, ನನ್ನ ಹತ್ರಾನೇ ಇರ್ಲಿ ಅನ್ನಿಸ್ತು. ಇಟ್ಕೊಂಡುಬಿಟ್ಟೆ. ಒಂದೊಂದು ಶನಿವಾರಾನೂ ಹೇಳ್ಬೇಕು ಅಂತಲೇ ಇಳಿದು ಬರ್ತಿದ್ದೆ."

ಆಪರೇಟರಮ್ಮ ಬೀದಿ ಎನ್ನದೆ, ಜನ ಎನ್ನದೆ ಅತ್ತಳು. ಎದುರಿನ ಅಂಗಡಿಯವನು ಬಗ್ಗಿ ನೋಡಿದ. ಇನ್ನೊಂದು ಬಸ್ಸು ಬಂದು ಹೋಯಿತು. ತಂಗಿ ಪಕ್ಕಕ್ಕೆ ಸರಿದು ಕೂತಳು.

"ಊಟ ಮಾಡಿರ್ಲಿಲ್ಲ," ಅಂದಳು ಅಕ್ಕ ಕೊನೆಗೆ, ಸೆರಗಿನಿಂದ ಮುಖ ಒರೆಸಿಕೊಂಡು. "ಅವತ್ತು ಲೈನೆಲ್ಲ ಹೋಗಿತ್ತಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರ್ಲಿಲ್ಲ."

"ನನಗೇನು ಗೊತ್ತು," ಅಂದಳು ತಂಗಿ. "ಅಮ್ಮನಿಗೆ 'ಮಾಡಿದ್ಲಮ್ಮ, ಹೊಟ್ಟೆ ತುಂಬಾ ಮಾಡಿದ್ಲು' ಅಂದುಬಿಟ್ಟೆ."

ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

"ಒಳ್ಳೇದು ಮಾಡಿದೆ," ಅಂದಳು.